ಓದದೆ ಹಾಕಿದ ರೈಟು

ಯಲಬುರ್ಗಾದಿಂದ ಏಳೆಂಟು ಮೈಲಿ ಒಳಗಿದ್ದ ಒಂದು ಊರಿನ ಶಾಲೆಗೆ ನನ್ನನ್ನು ಹಾಕಿದಾಗ ನನಗೆ ಇಪ್ಪತ್ತೇಳು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡ ಗಂಗಾವತಿಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಎರಡು ವರ್ಷದ ಮಗಳು ಅಲ್ಲೇ, ಅತ್ತೆಯ ಹತ್ತಿರ. ನಾನು ಯಲಬುರ್ಗಾದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಮುಂಜಾನೆಯ ಬಸ್ಸಿಗೆ ಶಾಲೆಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಶನಿವಾರ ಶಾಲೆ ಅರ್ಧ ದಿನ. ಗಂಟೆ ಹೊಡೆದ ಕೂಡಲೇ ಯಲಬುರ್ಗಾ, ಅಲ್ಲಿಂದ ಕೊಪ್ಪಳ, ಅಲ್ಲಿಂದ ಗಂಗಾವತಿ. ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿರುತ್ತಿದ್ದರು. ಸೋಮವಾರ ಬೆಳಗಾಗುವ ಮೊದಲೇ ಎದ್ದು ಮತ್ತೆ ಅದೇ ಮೂರು ಬಸ್ಸು. ಆ ವರ್ಷಗಳನ್ನು ನೆನೆದರೆ ನನಗೆ ಊರಾಗಲಿ ಶಾಲೆಯಾಗಲಿ ಮೊದಲು ನೆನಪಾಗುವುದಿಲ್ಲ. ಸೊಂಟದ ನೋವು ನೆನಪಾಗುತ್ತದೆ.

ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲಿ ಕುಷ್ಟಗಿಯಲ್ಲಿ ನಮಗೆ ಹತ್ತು ದಿನದ ತರಬೇತಿ ಇತ್ತು. ತಗಡಿನ ಚಾವಣಿಯ ಕೆಳಗೆ ಬೆಂದು, ಅರ್ಧ ನಿದ್ದೆಯಲ್ಲಿ ಕೂತಿದ್ದ ನಮ್ಮನ್ನು ಎಬ್ಬಿಸಿದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮಾಸ್ತರು. ಯಾವುದೋ ಹುಡುಗನ ವಿಜ್ಞಾನದ ನೋಟ್‌ಬುಕ್ಕನ್ನು ಎತ್ತಿ ಹಿಡಿದು ಕೇಳಿದರು.

“ಇದು ಯಾರ ಪಟ್ಟಿ?”

ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಎನ್ನುತ್ತಾರೆ. “ಹುಡುಗಂದ್ರಿ” ಎಂದೆವು.

“ಒಳಗ ಬರೇ ನಿಮ್ಮ ಮಾತ ಐತಿ. ನೀವು ಬೋರ್ಡ್ ಮ್ಯಾಲ ಬರದಿದ್ದು, ನೀವು ಹೇಳಿ ಬರಿಸಿದ್ದು. ಹುಡುಗಂದು ಕೈ ಅಷ್ಟ. ಮತ್ತ ಅವನ ಪಟ್ಟಿ ಹೆಂಗಾತು?”

ಆಮೇಲೆ ತಮ್ಮ ಶಾಲೆಯಿಂದ ತಂದಿದ್ದ ಇನ್ನೊಂದು ನೋಟ್‌ಬುಕ್ ತೆರೆದು ತೋರಿಸಿದರು. ಬಲಗಡೆಯ ಪುಟದಲ್ಲಿ ಪಾಠ. ಎಡಗಡೆಯ ಪುಟ ಪೂರ್ತಿ ಮಗುವಿಗೆ ಬಿಟ್ಟದ್ದು. ಪಾಠ ಕೇಳಿದ ಮೇಲೆ ಅದರ ಬಗ್ಗೆ ಏನು ಅನಿಸಿತೋ ಅದನ್ನು ಅಲ್ಲಿ ಬರೆಯಬೇಕು. ಪ್ರಶ್ನೆ ಕೇಳಬಹುದು, ಚಿತ್ರ ತೆಗೆಯಬಹುದು, ಎಲೆ ಅಂಟಿಸಬಹುದು, ಮನೆಯಲ್ಲಿ ಕಂಡದ್ದನ್ನು ಬರೆಯಬಹುದು. ಶಿಕ್ಷಕರು ಅದನ್ನು ಓದಿ ಅಲ್ಲೇ ಕೆಳಗೆ ಉತ್ತರ ಬರೆಯಬೇಕು. ಆ ಉತ್ತರಕ್ಕೆ ಮಗು ಮತ್ತೆ ಬರೆಯಬಹುದು. ಹೀಗೆ ಪಟ್ಟಿಯೊಳಗೇ ಒಂದು ಮಾತುಕತೆ.

ಹಿಂದಿನ ಸಾಲಿನಿಂದ ಯಾರೋ ಕೇಳಿದರು. “ಅಷ್ಟು ಓದಾಕ ವ್ಯಾಳ್ಯಾ ಎಲ್ಲೈತ್ರಿ?”

“ವ್ಯಾಳ್ಯಾ ಇಲ್ಲಂದ್ರ ಸುರು ಮಾಡಬ್ಯಾಡ್ರಿ” ಎಂದರು ಮಾಸ್ತರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ವಾಪಸು ಬರುವ ಬಸ್ಸಿನಲ್ಲಿ ಶುರುಮಾಡುವುದೆಂದು ನಿಶ್ಚಯಿಸಿಬಿಟ್ಟಿದ್ದೆ. ಆಗ ನನಗೆ ನನ್ನ ದೇಹದ ಮೇಲೆ ಅಷ್ಟು ನಂಬಿಕೆ ಇತ್ತು.

ಜೂನ್ ತಿಂಗಳಲ್ಲಿ ಆರನೇ ತರಗತಿಯಲ್ಲಿ ಶುರುಮಾಡಿದೆ. ಐವತ್ತೆರಡು ಮಕ್ಕಳು. ಹೆಡ್ ಮಾಸ್ತರನ್ನು ಕೇಳಿದಾಗ ಅವರು ಬಾಯಲ್ಲಿದ್ದ ಅಡಿಕೆ ಪಕ್ಕಕ್ಕೆ ಸರಿಸಿ, “ಮಾಡ್ರಿ ಅಕ್ಕೋರ, ನನ್ನದೇನೂ ತಕರಾರಿಲ್ಲ. ಸಾಹೇಬ್ರು ತನಿಖಿಗೆ ಬಂದಾಗ ಪಾಠ ಮುಗದಿರಬೇಕು, ಅಷ್ಟ” ಎಂದರು. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಇಡೀ ಶಾಲೆಗೆ ನಾನೊಬ್ಬಳೇ ಅಕ್ಕೋರು.

ಸುಮ್ಮನೆ ಪುಟದ ಸಂಖ್ಯೆ ಹಾಕಿಸುವುದಕ್ಕೇ ಮೂರು ದಿನ ಹೋಯಿತು. ಕೆಲವರು ಪುಟ ಬಿಟ್ಟು ಹಾಳೆಗೊಂದು ಸಂಖ್ಯೆ ಹಾಕಿದರು. ಒಬ್ಬಳು ರಟ್ಟಿನಿಂದಲೇ ಶುರುಮಾಡಿದಳು. ಒಬ್ಬ ಮೂವತ್ತೊಂಬತ್ತಾದ ಮೇಲೆ ಐವತ್ತು ಬರೆದು, ಕೊನೆಯವರೆಗೆ ಅದೇ ಲೆಕ್ಕದಲ್ಲಿ ಹೋಗಿ, ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಪುಟ ಇವೆ ಎಂದು ಹಿಗ್ಗಿದ. ಮೊದಲ ಎರಡು ಪುಟ ಪರಿವಿಡಿಗೆ. ಮಕ್ಕಳು ತಮ್ಮದೂ ಒಂದು ಪುಸ್ತಕ ಎಂಬಂತೆ ಅದನ್ನು ಗೆರೆ ಎಳೆದು ಬಲು ಜೋಪಾನವಾಗಿ ಮಾಡಿದರು. ಅಂಟಿಸಲು ಶಾಲೆಯ ಉಪ್ಪಿಟ್ಟಿನ ಒಲೆಯ ಮೇಲೆ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿದೆವು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಬಾಗಿಲಿನಂತೆ ಅಂಟಿಸಿದರೆ, ಮೇಲೆ ಹತ್ತಿ ಹೂವಿನ ಚಿತ್ರ, ಎತ್ತಿ ನೋಡಿದರೆ ಒಳಗೆ ಅದರ ಭಾಗಗಳ ಹೆಸರು. ಒಂದು ವಾರದಲ್ಲಿ ಮೈದಾ ವಾಸನೆಗೆ ಇರುವೆ ಬಂದವು. ಒಬ್ಬಳ ಪಟ್ಟಿಯಲ್ಲಿದ್ದ ರಾಜ್ಯದ ನಕಾಶೆಯನ್ನು ಮನೆಯ ಆಡು ಅರ್ಧ ತಿಂದಿತು. ಅವಳು ಅಳುತ್ತಾ ಬಂದು, “ಬೀದರ ಗುಲಬರ್ಗಾ ಎಲ್ಲಾ ತಿಂದೈತ್ರಿ, ನಮ್ಮ ರಾಯಚೂರ ಉಳದೈತ್ರಿ” ಎಂದು ಹೇಳಿದಳು. ಆಗ ನಮ್ಮದು ರಾಯಚೂರು ಜಿಲ್ಲೆ.

ಊರಿನವರು ಒಂದು ಪುಟ ಖಾಲಿ ಬಿಟ್ಟು ಬರೆಸುವುದು ಕಂಡು ಗೊಣಗಿದರು. ಒಬ್ಬ ತಂದೆ ಶಾಲೆಗೇ ಬಂದು ಮಗನ ಪಟ್ಟಿಯ ಎಡಪುಟ ತೋರಿಸಿ, “ಇದರಾಗ ನಮ್ಮ ಎತ್ತಿಗೆ ಜ್ವರ ಬಂದಿದ್ದು ಬರದಾನ್ರಿ. ಇದೂ ಪರೀಕ್ಷಾದಾಗ ಕೇಳ್ತಾರೇನ್ರಿ?” ಎಂದು ಕೇಳಿದ. ಕೇಳುವುದಿಲ್ಲ ಎಂದೆ. “ಮತ್ಯಾಕ್ರಿ?” ಎಂದ. ನಾನು ಏನೇನೋ ಹೇಳಿದೆ. ಅವನು ತಲೆಯಾಡಿಸಿದನೇ ಹೊರತು ಒಪ್ಪಲಿಲ್ಲ.

ಆದರೆ ಮಕ್ಕಳು ಒಪ್ಪಿದರು. ತರಗತಿಯಲ್ಲಿ ಬಾಯಿ ಬಿಡದವರೂ ಎಡಪುಟದಲ್ಲಿ ಮಾತಾಡತೊಡಗಿದರು. ಒಂದು ಹುಡುಗಿ ಬರೆದಿದ್ದಳು: “ತುಂಗಭದ್ರಾ ಕಾಲುವಿ ಗಂಗಾವತಿಗೆ ಹೋಗೈತಿ. ನಮ್ಮೂರಿಗೆ ಯಾಕ ಬಂದಿಲ್ಲ?” ನಾನು ಕೆಳಗೆ ಉತ್ತರ ಬರೆದೆ: “ನೀರು ಇಳಿಜಾರಿನ ಕಡೆಗೆ ಹರಿಯುತ್ತದೆ. ನಮ್ಮೂರು ಎತ್ತರದಲ್ಲಿದೆ.” ಮುಂದಿನ ವಾರ ಅದರ ಕೆಳಗೆ ಅವಳ ಮಾತು ಬಂತು: “ನಮ್ಮವ್ವ ಭತ್ತ ನಾಟಿ ಮಾಡಾಕ ಗಂಗಾವತಿಗೆ ಹೋಗೋದು ಅದಕ್ಕ ಏನ್ರಿ?” ಅದಕ್ಕೆ ಏನು ಬರೆಯಬೇಕೆಂದು ನಾನು ಎರಡು ದಿನ ಯೋಚಿಸಿದ್ದೆ. ಕೊನೆಗೆ “ಹೌದು, ನೀರು ಇದ್ದಲ್ಲಿ ಕೆಲಸ ಇರುತ್ತದೆ” ಎಂದು ಬರೆದೆ. ಆ ನಾಲ್ಕು ತಿಂಗಳು ನಾನು ಒಳ್ಳೆಯ ಶಿಕ್ಷಕಿಯಾಗಿದ್ದೆ. ಅದನ್ನು ಹೇಳಲು ಸಂಕೋಚವಿಲ್ಲ, ಯಾಕೆಂದರೆ ಮುಂದೆ ಹೇಳುವುದು ಬೇರೆ ಇದೆ.

ಐವತ್ತೆರಡು ಪಟ್ಟಿಗಳನ್ನು ಎರಡು ಬಟ್ಟೆಯ ಚೀಲಗಳಲ್ಲಿ ತುಂಬಿಕೊಂಡು ಓಡಾಡುತ್ತಿದ್ದೆ. ಯಲಬುರ್ಗಾದ ಖೋಲಿಯಲ್ಲಿ ಸಂಜೆ ಸ್ವಲ್ಪ, ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ, ಶನಿವಾರದ ಬಸ್ಸಿನಲ್ಲಿ ಸ್ವಲ್ಪ. ಬಸ್ಸಿನಲ್ಲಿ ಓದಿದರೆ ಹೊಟ್ಟೆ ತೊಳಸುತ್ತಿತ್ತು. ಕಂಡಕ್ಟರ್ ಒಬ್ಬ ದಿನಾ ನೋಡಿ, “ಅಕ್ಕೋರ, ಚೀಲದಾಗ ಜ್ವಾಳ ಏನ್ರಿ? ಬಿಟ್ಟಿರಂಗಿಲ್ಲಲ್ಲ ಅದನ್ನ” ಎಂದು ನಗಾಡುತ್ತಿದ್ದ. ಗಂಗಾವತಿಯ ಮನೆಯಲ್ಲಿ ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ನನ್ನ ಮಗಳು ಕೆಂಪು ಪೆನ್ನು ಹಿಡಿದು ಒಂದು ಪಟ್ಟಿಯ ಎಡಪುಟದ ತುಂಬ ಗೀಚಿಬಿಟ್ಟಿದ್ದಳು. ಸೋಮವಾರ ಆ ಪಟ್ಟಿಯ ಹುಡುಗಿಗೆ ತಪ್ಪಾಯಿತೆಂದು ಹೇಳಿ, ಹಾಳೆ ಹರಿದು ಬೇರೆ ಅಂಟಿಸಿಕೊಡಲು ಹೋದರೆ ಅವಳು ಪಟ್ಟಿಯನ್ನು ಎದೆಗೆ ಅವುಚಿಕೊಂಡಳು. “ಬ್ಯಾಡ್ರಿ, ಇರ್ಲಿ. ಅಕ್ಕೋರ ಮಗಳು ಬರದಾಳ” ಎಂದು ಎಲ್ಲರಿಗೂ ತೋರಿಸಿದಳು.

ದಸರಾ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಮಗಳಿಗೆ ಅನ್ನ ಕಲಸಿ ಕೊಡುವವರು ಇಲ್ಲವಾಯಿತು. ಪಕ್ಕದ ಮನೆಯವರು ಎಷ್ಟೆಂದು ನೋಡಿಯಾರು? ನಾನು ಬುಧವಾರವೂ ಗಂಗಾವತಿಗೆ ಹೋಗಿ, ಅಡುಗೆ ಮಾಡಿಟ್ಟು, ಬಟ್ಟೆ ಒಗೆದು, ಗುರುವಾರ ಮುಂಜಾನೆ ವಾಪಸು ಬರತೊಡಗಿದೆ. ಅದೇ ಸಮಯಕ್ಕೆ ಮತದಾರರ ಪಟ್ಟಿಯ ಕೆಲಸ ಬಂತು. ಶಾಲೆ ಬಿಟ್ಟ ಮೇಲೆ ಮೂರು ಊರುಗಳ ಮನೆ ಮನೆ ತಿರುಗಿ ಹೆಸರು ಬರೆಯಬೇಕಾಗಿತ್ತು. ಹೆಡ್ ಮಾಸ್ತರು ನನ್ನ ಮುಖ ನೋಡಿ ಒಂದು ಊರನ್ನು ತಾವು ತೆಗೆದುಕೊಂಡರು. ಅಷ್ಟು ಮಾಡಿದರು, ಪಾಪ. ಅವರಿಗೂ ಮಂಡಿ ನೋವಿತ್ತು.

ಮಕ್ಕಳ ಪಟ್ಟಿಗಳು ಮಾತ್ರ ವಾರ ವಾರ ಬಂದು ಮೇಜಿನ ಮೇಲೆ ಬೀಳುತ್ತಿದ್ದವು. ಮೊದಮೊದಲು ಪೂರ್ತಿ ಓದಿ ಒಂದು ಸಾಲು ಬರೆಯುತ್ತಿದ್ದೆ. ಆಮೇಲೆ ಮೊದಲ ಸಾಲು ಮಾತ್ರ ಓದಿ “ಚೆನ್ನಾಗಿದೆ” ಎನ್ನುತ್ತಿದ್ದೆ. ಆಮೇಲೆ ಪುಟ ತುಂಬಿದೆಯೇ ಎಂದಷ್ಟೇ ನೋಡಿ ಕೆಂಪು ಮಸಿಯಲ್ಲಿ ಒಂದು ರೈಟು. ಕಡೆಕಡೆಗೆ ಕೊಪ್ಪಳದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಪುಟ ತಿರುವು, ರೈಟು ಹಾಕು, ಪುಟ ತಿರುವು, ರೈಟು ಹಾಕು. ಬಸ್ಸು ಬರುವುದರೊಳಗೆ ಮೂವತ್ತು ಪಟ್ಟಿ ಮುಗಿಸುತ್ತಿದ್ದೆ. ಕಣ್ಣು ಬಸ್ಸಿನ ಬೋರ್ಡಿನ ಕಡೆಗೇ ಇರುತ್ತಿತ್ತು. ಬಿಟ್ಟುಬಿಡುತ್ತೇನೆ ಎಂದು ಮಕ್ಕಳಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಎಡಪುಟದ ಅಕ್ಕೋರು ಎಂದು ಅಷ್ಟರಲ್ಲಿ ಸುತ್ತಲಿನ ಶಾಲೆಗಳಲ್ಲಿ ನನ್ನ ಹೆಸರಾಗಿತ್ತು. ಅದನ್ನು ಬಿಡುವುದೂ ಕಷ್ಟವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ಹಾಜರಿ ತುಂಬುತ್ತಿದ್ದೆ. ಎದುರಿಗೆ ಕೂತಿದ್ದ ಹೆಡ್ ಮಾಸ್ತರು ಹೊತ್ತು ಹೋಗದೆ ರಾಶಿಯಿಂದ ಒಂದು ಪಟ್ಟಿ ಎಳೆದು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಅಕ್ಕೋರ, ಇದನ್ನ ಕೇಳ್ರಿ. ‘ನಮ್ಮ ಎಮ್ಮಿ ದಿನಾ ಮುಂಜಾನಿ ಸೈಕಲ್ ಹತ್ತಿ ಕೊಪ್ಪಳಕ್ಕ ಹೋಗಿ ತಾನ ಹಾಲು ಮಾರಿ ಬರತೈತಿ.’ ಅದರ ಕೆಳಗ ನೀವು ರೈಟ್ ಹಾಕೀರಿ. ಚೆನ್ನಾಗಿದೆ ಅಂತನೂ ಬರದೀರಿ.”

ನಾನು ಪಟ್ಟಿಯನ್ನು ಕಸಿದುಕೊಂಡೆ. ನಿಜ. ನನ್ನದೇ ರೈಟು, ನನ್ನದೇ ಅಕ್ಷರ. ಇನ್ನೊಂದು ಪಟ್ಟಿ ತೆಗೆದೆ. “ಗಾಂಧೀಜಿ ನಮ್ಮ ಮನಿಗೆ ನಿನ್ನೆ ಊಟಕ್ಕ ಬಂದಿದ್ರು. ಝುಣಕ ಭಾಳ ಛಲೋ ಆಗೈತಿ ಅಂದ್ರು.” ರೈಟು. ಮತ್ತೊಂದರಲ್ಲಿ “ಅ ಆ ಇ ಈ” ಎಂದು ಪುಟ ತುಂಬ ಬರೆದಿತ್ತು. ಅದಕ್ಕೂ ರೈಟು. ಹೆಡ್ ಮಾಸ್ತರು ಇನ್ನೂ ನಗುತ್ತಿದ್ದರು. ನನ್ನ ಮುಖ ನೋಡಿ ನಿಲ್ಲಿಸಿ, “ಹೋಗ್ಲಿ ಬಿಡ್ರಿ. ಹುಡುಗೂರು ಚಾಷ್ಟಿ ಮಾಡ್ಯಾವು” ಎಂದರು.

ನಾನು ಪಟ್ಟಿಗಳನ್ನೆಲ್ಲ ಹೊತ್ತುಕೊಂಡು ತರಗತಿಗೆ ಹೋದೆ. “ಯಾರು ಸುರು ಮಾಡಿದ್ರಿ ಇದನ್ನ?” ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ಕೊನೆಗೆ ತರಗತಿಯ ಮಾನಿಟರ್ ಆಗಿದ್ದ ಹುಡುಗಿ ಎದ್ದು ನಿಂತಳು.

“ಎಲ್ಲಾರೂ ಮಾಡೀವ್ರಿ. ದೀಪಾವಳಿ ಆದಾಗಿಂದ ನೀವು ಓದಂಗಿಲ್ಲ ಅಂತ ಅನಸ್ತು. ಖರೇ ಏನು ಅಂತ ನೋಡಾಕ ಬರದ್ವಿ.”

“ನನಗ ಬಂದು ಹೇಳಬೇಕಿಲ್ಲೇನು?”

“ಪಟ್ಟ್ಯಾಗ ಬರದೀವಲ್ರಿ” ಎಂದಳು. ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಹೇಳಬೇಕಾದ್ದನ್ನು ಎಡಪುಟದಲ್ಲಿ ಬರೆಯಿರಿ ಎಂದು ಹೇಳಿದವಳು ನಾನೇ. ಅವರು ಬರೆದಿದ್ದರು.

ಅವತ್ತು ಮಧ್ಯಾಹ್ನ ಮಕ್ಕಳಿಗೆ ಗಣಿತದ ಲೆಕ್ಕ ಕೊಟ್ಟು, ನೆಲದ ಮೇಲೆ ಅವರ ಜೊತೆಗೇ ಕೂತು ದೀಪಾವಳಿಯಿಂದೀಚಿನ ಎಡಪುಟಗಳನ್ನು ಓದತೊಡಗಿದೆ. ಆ ದಿನ ಮುಗಿಯಲಿಲ್ಲ. ಮರುದಿನವೂ ಓದಿದೆ. ಹೆಚ್ಚಿನವು ಮಕ್ಕಳ ಮಾತು, ತಡವಾಗಿ ಓದಿದರೂ ಏನೂ ಕೆಡದಂಥವು. ಮೂರನೆಯ ದಿನ ಒಂದು ಪಟ್ಟಿಯ ಮುಂದೆ ನಾನು ಕೂತುಬಿಟ್ಟೆ.

ಅದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯದು. ವಯಸ್ಸಿಗೆ ಮೀರಿ ಎತ್ತರವಾಗಿದ್ದಳು. ಎತ್ತರದವರು ಹಿಂದೆ, ಗಿಡ್ಡವರು ಮುಂದೆ ಎಂಬ ನಿಯಮಕ್ಕೆ ಅವಳು ಕೊನೆಯ ಸಾಲಿಗೆ ಹೋಗಿದ್ದಳು. ತಂದೆ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ತಾಯಿ ಮತ್ತು ಅಜ್ಜಿ. ಈ ಹುಡುಗಿ ಯಾವಾಗಲೂ ಪಕ್ಕದವಳ ಪಟ್ಟಿ ನೋಡಿ ಬರೆಯುತ್ತಾಳೆಂದು ನಾನು ನಾಲ್ಕೈದು ಸಲ ಬೈದಿದ್ದೆ. ಒಮ್ಮೆ ಬಿಸಿಲಲ್ಲಿ ಹೊರಗೆ ನಿಲ್ಲಿಸಿದ್ದೆ. ಆಮೇಲೆ ಗೆಳತಿಯಿಂದ ಬೇರ್ಪಡಿಸಿ ಹಿಂದಿನ ಗೋಡೆಗೆ ಒಬ್ಬಳನ್ನೇ ಕೂರಿಸಿದ್ದೆ. ಅಲ್ಲಿಂದ ಮುಂದೆ ಅವಳ ಬಲಪುಟಗಳು ಅರ್ಧಂಬರ್ಧ. ಅದರ ಮೇಲೆ ನಾನು ಕೆಂಪು ಮಸಿಯಲ್ಲಿ “ಸೋಮಾರಿತನ ಬಿಡು” ಎಂದು ಬರೆದಿದ್ದೆ. ಬಲಪುಟವನ್ನಾದರೂ ನೋಡಿದ್ದೆ ಅಂತಾಯಿತು.

ಎಡಪುಟದಲ್ಲಿ ಸಣ್ಣ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಅಕ್ಕೋರ, ನೀವು ಬೋರ್ಡ್ ಮ್ಯಾಲ ಬರಿಯೋದು ನನಗ ಬೆಳ್ಳನ ಹೊಗಿ ಕಂಡಂಗ ಕಾಣತೈತ್ರಿ. ಎಲ್ಲಾರಿಗೂ ಹಂಗ ಕಾಣತೈತೇನ್ರಿ?”

ಕೆಳಗೆ ರೈಟು.

ಮುಂದಿನ ಎಡಪುಟ: “ಗೆಳತಿ ಬಾಜೂಕ ಕುಂದ್ರಾಕ ಬಿಡ್ರಿ. ನಾ ನೋಡಿ ಬರಿಯಂಗಿಲ್ಲ. ಬೋರ್ಡ್ ಮ್ಯಾಲ ಏನೈತಿ ಅಂತ ಬಾಯಿಲೆ ಕೇಳ್ತೀನಿ.”

ರೈಟು.

ಅದರ ಮುಂದಿನ ಪುಟದಲ್ಲಿ ಪಾಠದ ಸಂಖ್ಯೆ ಬರೆದು, ಗೆರೆ ಎಳೆದು, ಖಾಲಿ ಬಿಟ್ಟಿದ್ದಳು. ಒಂದಕ್ಷರ ಇರಲಿಲ್ಲ. ಆ ಖಾಲಿ ಪುಟದ ಮೇಲೂ ನಾನು ರೈಟು ಹಾಕಿದ್ದೆ.

ನನಗೆ ಅಳು ಬರಲಿಲ್ಲ. ಸುಸ್ತಾಯಿತು. ಅವಳನ್ನು ಕರೆದು ಬೋರ್ಡಿನ ಹತ್ತಿರ ನಿಲ್ಲಿಸಿದೆ. ಓದಿದಳು. ಒಂದೊಂದೇ ಹೆಜ್ಜೆ ಹಿಂದೆ ಸರಿಸಿದೆ. ಐದನೇ ಹೆಜ್ಜೆಗೆ ಕಣ್ಣು ಕಿರಿದು ಮಾಡಿದಳು. ಎಂಟನೆಯದಕ್ಕೆ ಸುಮ್ಮನಾದಳು.

“ಎಷ್ಟು ದಿನದಿಂದ ಹಿಂಗೈತಿ?”

“ಗೊತ್ತಿಲ್ರಿ. ಎಲ್ಲಾರಿಗೂ ಹಂಗ ಅಂತ ತಿಳದಿದ್ದೆ.”

ಆ ಸಂಜೆ ಅವಳ ಜೊತೆಗೇ ಅವರ ಮನೆಗೆ ಹೋದೆ. ತಾಯಿ ಬಾಗಿಲ ಹಿಂದೆ ನಿಂತಳು. ಮಾತಾಡಿದ್ದು ಅಜ್ಜಿ. “ಈಕಿ ಕಣ್ಣಿಗೆ ಏನಾಗೈತ್ರಿ ಅಕ್ಕೋರ? ಸೂಜ್ಯಾಗ ದಾರ ನನಗ ಈಕೀನ ಪೋಣಿಸಿ ಕೊಡತಾಳ. ಅಕ್ಕ್ಯಾಗಿನ ಕಲ್ಲ ಆರಿಸತಾಳ” ಎಂದಳು. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ ಎಂದು ವಿವರಿಸಿದೆ. ಚಾಳೀಸು ಬೇಕಾಗಬಹುದು ಎಂದೆ. ಕನ್ನಡಕಕ್ಕೆ ಅಲ್ಲಿ ಚಾಳೀಸು ಎನ್ನುತ್ತಾರೆ.

ಅಜ್ಜಿಯ ಮುಖ ಬಿಗಿಯಿತು. “ಹೆಣ್ಣ ಹುಡುಗೀಗೆ ಚಾಳೀಸ? ನಾಳೆ ಊರ ಮಂದಿ ಕುರುಡಿ ಅಂತಾರ. ಬ್ಯಾಡ್ರಿ. ಸಾಲಿ ಬಿಡಿಸಿದ್ರ ಆತು. ಮನ್ಯಾಗ ಎಲ್ಲಾ ಕಾಣಸ್ತೈತಿ ಆಕಿಗೆ.”

ಆ ಕ್ಷಣ ನನಗೆ ಭಯವಾಯಿತು. ಕಣ್ಣು ಸರಿಮಾಡಲು ಹೋಗಿ ಶಾಲೆಯನ್ನೇ ಬಿಡಿಸಿದಂತಾಗುತ್ತದೆಯೋ ಎಂದು. ಅಷ್ಟರಲ್ಲಿ ತಂದೆ ಡಾಂಬರು ಮೆತ್ತಿದ ಕಾಲಿನಲ್ಲೇ ಬಂದ. ಎಲ್ಲ ಕೇಳಿಸಿಕೊಂಡು, ಮಗಳ ಕಡೆ ನೋಡಿ, ಅಂಗಳದ ಆಚೆಗಿದ್ದ ಒಂದು ಗಾಡಿಯನ್ನು ತೋರಿಸಿ, “ಅದರ ಮ್ಯಾಲೆ ಯಾರು ಕುಂತಾರವಾ?” ಎಂದು ಕೇಳಿದ. ಅವಳಿಗೆ ಗುರುತು ಸಿಗಲಿಲ್ಲ. ಕೂತವನು ಅವಳ ಸೋದರಮಾವ.

“ನನಗ ರಜಾ ಸಿಗಂಗಿಲ್ರಿ ಅಕ್ಕೋರ” ಎಂದ ತಂದೆ ತಗ್ಗಿದ ದನಿಯಲ್ಲಿ. “ನೀವ ಕರಕೊಂಡು ಹೋಗ್ರಿ. ಅವ್ವ ಹಂಗ ಅಂತಾಳ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಬೇರೆ ಊರಿನ ಒಬ್ಬ ಕಣ್ಣಿನ ಡಾಕ್ಟರು ಶನಿವಾರಕ್ಕೊಮ್ಮೆ ಕೊಪ್ಪಳಕ್ಕೆ ಬಂದು ಒಂದು ಅಂಗಡಿಯ ಹಿಂದಿನ ಖೋಲಿಯಲ್ಲಿ ಕೂರುತ್ತಿದ್ದರು. ಮುಂದಿನ ಶನಿವಾರ ಹುಡುಗಿಯನ್ನು ಕರೆದುಕೊಂಡು ಹೋದೆ. ಆ ವಾರ ಅವರು ಬಂದಿರಲಿಲ್ಲ. ಮನೆಯಲ್ಲಿ ಲಗ್ನವಂತೆ. ಹುಡುಗಿಯನ್ನು ಒಬ್ಬಳನ್ನೇ ವಾಪಸು ಕಳಿಸುವಂತಿರಲಿಲ್ಲ. ಅವಳನ್ನು ಊರು ಮುಟ್ಟಿಸಿ ಯಲಬುರ್ಗಾಕ್ಕೆ ಬರುವಷ್ಟರಲ್ಲಿ ಕೊಪ್ಪಳದ ಕೊನೆಯ ಬಸ್ಸು ಹೋಗಿತ್ತು. ಆ ಭಾನುವಾರ ಗಂಗಾವತಿಗೆ ಹೋಗಲಾಗಲಿಲ್ಲ. ಖೋಲಿಯಲ್ಲಿ ಒಬ್ಬಳೇ ಮಲಗಿಯೇ ದಿನ ಕಳೆದೆ. ಏಳಲು ಆಗಲಿಲ್ಲ.

ಬುಧವಾರ ಮನೆಗೆ ಹೋದೆ. ಊಟಕ್ಕೆ ಬಡಿಸುವಾಗ ಗಂಡ ತಟ್ಟೆ ನೋಡುತ್ತಲೇ ಹೇಳಿದರು. “ಶನಿವಾರ ಮಗಳು ಬಸ್ ಸ್ಟ್ಯಾಂಡಿನಾಗ ನನ್ನ ಕೂಡ ಎರಡು ತಾಸು ಕುಂತಿದ್ಲು. ಬಂದ ಬಂದ ಬಸ್ಸಿಗೆಲ್ಲಾ ಎದ್ದು ನಿಂತಳು.”

ನಾನು ಹುಡುಗಿಯ ಕಣ್ಣಿನ ವಿಷಯ ಹೇಳಿದೆ. ರೈಟಿನ ವಿಷಯವನ್ನೂ ಹೇಳಿದೆ. ಅವರು ಎರಡು ತುತ್ತು ಉಂಡು, “ಆ ಹುಡುಗೀದು ಮೊದಲು ಮುಗಿಸು. ನಮ್ಮದು ಇದ್ದಿದ್ದ ಐತಿ” ಎಂದರು. ಆ ಮಾತಿನಲ್ಲಿ ಸಿಟ್ಟೂ ಇತ್ತು, ಸಮಾಧಾನವೂ ಇತ್ತು. ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಅದರ ಮುಂದಿನ ಶನಿವಾರ ಅಜ್ಜಿಯೂ ಜೊತೆಗೆ ಹೊರಟಳು. ನಾನು ಹುಡುಗಿಯನ್ನು ಎಲ್ಲಿಗೋ ಮಾರಿ ಬರುತ್ತೇನೆಂಬ ಗುಮಾನಿಯಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದಳು. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವೊಂದೇ ಅವಳಿಗೆ ಕಂಡದ್ದು. ಒಂದೊಂದೇ ಗಾಜು ಬದಲಿಸಿ ಇಟ್ಟಂತೆ ಅವಳ ದನಿ ದೊಡ್ಡದಾಗುತ್ತಾ ಹೋಯಿತು. ಕೊನೆಯ ಸಾಲನ್ನು ಕೂಗಿಯೇ ಓದಿದಳು. ಅಜ್ಜಿ ಸೆರಗು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದಳು.

“ಇಷ್ಟು ಪವರ್ ಐತಿ. ಸಾಲ್ಯಾಗ ಯಾರೂ ನೋಡಿಲ್ಲೇನ್ರಿ?” ಎಂದು ಡಾಕ್ಟರು ನನ್ನನ್ನು ಕೇಳಿದರು.

“ನೋಡೀನ್ರಿ” ಎಂದೆ. “ಓದಿರಲಿಲ್ಲ.” ಅವರಿಗೆ ಅದು ಅರ್ಥವಾಗಲಿಲ್ಲ. ಚೀಟಿ ಬರೆದು ಕೊಟ್ಟರು.

ಬಸ್ಸು ಹತ್ತುವಾಗ ಅಜ್ಜಿ, “ಸಣ್ಣಾಕಿದ್ದಾಗ ದೂರಿಂದ ಕೈ ಮಾಡಿ ಕರದ್ರ ಬರ್ತಿದ್ದಿಲ್ರಿ. ಸೊಕ್ಕು ಅಂತ ಹೊಡೀತಿದ್ದೆ” ಎಂದಳು. ನಾನು ಅವಳ ಕೈ ಹಿಡಿದು ಮೇಲಕ್ಕೆ ಹತ್ತಿಸಿದೆ.

ಹತ್ತು ದಿನದ ಮೇಲೆ ತಂದೆ ಸೈಕಲ್ಲಿನ ಮೇಲೆ ಕೊಪ್ಪಳಕ್ಕೆ ಹೋಗಿ ಚಾಳೀಸು ತಂದ. ಮರುದಿನ ಹುಡುಗಿ ಅದನ್ನು ಹಾಕಿಕೊಂಡು ತರಗತಿಗೆ ಬಂದಳು. ಕೆಲವರು ನಕ್ಕರು. ಮಾನಿಟರ್ ಹುಡುಗಿ ಒಬ್ಬನ ತಲೆಗೆ ಕುಟ್ಟಿದಳು. ನಾನು ಅವಳನ್ನು ಮುಂದಿನ ಸಾಲಿಗೆ ಕರೆದರೆ ಬರಲಿಲ್ಲ. “ಇಲ್ಲಿಂದನೂ ಕಾಣತೈತ್ರಿ” ಎಂದು ಹಿಂದಿನ ಗೋಡೆಯ ಹತ್ತಿರವೇ ಕೂತಳು. ಆದರೆ ಗೆಳತಿಯನ್ನು ಪಕ್ಕಕ್ಕೆ ಕರೆದುಕೊಂಡಳು.

ಆ ವಾರ ಅವಳ ಎಡಪುಟವನ್ನು ನಾನು ಎಲ್ಲರಿಗಿಂತ ಮೊದಲು ತೆರೆದೆ. ಪಾಠದ ಬಗ್ಗೆ ಎರಡು ಸಾಲು ಇತ್ತು. ಆಮೇಲೆ: “ಅಕ್ಕೋರ ಮಾರಿ ನಾ ಇಷ್ಟು ಛಲೋತ್ನಂಗ ನೋಡಿದ್ದಿಲ್ಲ. ಅಕ್ಕೋರು ಸಣ್ಣ ವಯಸಿನೋರು ಅಂತ ತಿಳದಿದ್ದೆ. ಕಣ್ಣ ಕೆಳಗ ಕರ್ರಗಾಗೈತಿ. ಅಕ್ಕೋರ, ನೀವು ನಿದ್ದಿ ಮಾಡಂಗಿಲ್ಲೇನ್ರಿ?”

“ಕಡಿಮೆ” ಎಂದು ಬರೆದೆ. ಮತ್ತೆ ಅದರ ಕೆಳಗೆ, “ನಿನ್ನ ಮಾತು ಮೂರು ತಿಂಗಳು ಓದಲಿಲ್ಲ. ತಪ್ಪು ನನ್ನದು” ಎಂದು ಬರೆದೆ. ರೈಟು ಹಾಕಲಿಲ್ಲ.

ಮರುದಿನ ತರಗತಿಯಲ್ಲಿ ಎಲ್ಲರಿಗೂ ಹೇಳಿದೆ. ಇನ್ನು ಮುಂದೆ ಪಟ್ಟಿಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋಗುವುದಿಲ್ಲ. ದಿನಕ್ಕೆ ಎಂಟು ಪಟ್ಟಿ, ಕೊನೆಯ ಪೀರಿಯಡ್ಡಿನಲ್ಲಿ, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತೇನೆ. ನಿಮ್ಮ ಸರದಿ ಬರಲು ಏಳೆಂಟು ದಿನ ಆಗಬಹುದು. ಅಷ್ಟರಲ್ಲಿ ಜರೂರಿನ ಮಾತಿದ್ದರೆ ಬಾಯಿಂದ ಹೇಳಿ. ಅವರು ತಲೆಯಾಡಿಸಿದರು. ಒಬ್ಬ ಮಾತ್ರ ಎದ್ದು, “ಎಮ್ಮಿ ಸೈಕಲ್ಲಿಂದು ಅಳಿಸಬೇಕೇನ್ರಿ?” ಎಂದು ಕೇಳಿದ. ಇರಲಿ ಎಂದೆ.

ಫೆಬ್ರುವರಿಯಲ್ಲಿ ತನಿಖೆಗೆ ಬಂದ ಸಾಹೇಬರು ಎರಡು ಪಾಠ ಹಿಂದೆ ಬಿದ್ದಿವೆ ಎಂದು ದಾಖಲೆಯಲ್ಲಿ ಬರೆದರು. ಎಡಪುಟಗಳನ್ನು ತಿರುವಿ ಹಾಕಿ, “ಇದೆಲ್ಲಾ ಹುಡುಗಾಟ” ಎಂದರು. ಹೆಡ್ ಮಾಸ್ತರು ಅಡಿಕೆ ಅಗಿಯುತ್ತಾ, “ಆತ್ರಿ ಸಾಹೇಬ್ರ, ಪಾಠ ಮುಗಸ್ತಾರ” ಎಂದರು. ಸಾಹೇಬರು ಹೋದ ಮೇಲೆ ಹೆಡ್ ಮಾಸ್ತರು ನಿಲ್ಲಿಸಿ ಎಂದೂ ಹೇಳಲಿಲ್ಲ, ಮುಂದುವರಿಸಿ ಎಂದೂ ಹೇಳಲಿಲ್ಲ. ಪಾಠ ಮುಗಿಸಲು ಮಾರ್ಚಿನಲ್ಲಿ ಶನಿವಾರವೂ ಸಂಜೆವರೆಗೆ ಕೂರಬೇಕಾಯಿತು.

ಇನ್ನೊಂದು ವರ್ಷ ಹಾಗೇ ನಡೆಯಿತು. ಅದೇ ಮಕ್ಕಳು ಏಳನೇ ತರಗತಿಗೆ ಬಂದು ಪರೀಕ್ಷೆ ಬರೆದರು. ಆ ಬೇಸಿಗೆಯಲ್ಲಿ ನನಗೆ ಗಂಗಾವತಿಗೆ ವರ್ಗವಾಯಿತು. ಎಷ್ಟು ಅರ್ಜಿ ಹಾಕಿದ್ದೆನೋ. ಮಕ್ಕಳನ್ನು ಬಿಟ್ಟು ಹೋಗುವ ದುಃಖ ಆಗಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಆದದ್ದು ಒಂದೇ. ಇನ್ನು ಸೋಮವಾರ ಬೆಳಗಾಗುವ ಮೊದಲು ಏಳಬೇಕಿಲ್ಲ ಎಂಬ ನಿರಾಳ.

ಗಂಗಾವತಿಯ ಶಾಲೆಯಲ್ಲಿ ಒಂದು ತರಗತಿಗೆ ಎಂಬತ್ತಕ್ಕೂ ಮೇಲೆ ಮಕ್ಕಳು. ಕೂರಲು ಜಾಗವಿಲ್ಲದೆ ಎರಡು ಪಾಳಿ. ಕನ್ನಡದವರು, ತೆಲುಗಿನವರು, ಉರ್ದು ಮಾತಾಡುವವರು ಒಂದೇ ಚಾಪೆಯ ಮೇಲೆ. ಮೊದಲ ಟರ್ಮಿನಲ್ಲಿ ಎಡಪುಟ ಶುರುಮಾಡಿದೆ. ಪುಟದ ಸಂಖ್ಯೆ ಹಾಕಿಸಿದೆ, ಪರಿವಿಡಿ ಮಾಡಿಸಿದೆ. ದಿನಕ್ಕೆ ಎಂಟರಂತೆ ಓದಿದರೆ ಒಬ್ಬರ ಸರದಿ ಬರಲು ಎರಡು ವಾರ. ಎರಡು ವಾರದ ಹಿಂದೆ ಏನು ಬರೆದಿದ್ದೆ ಎಂಬುದು ಮಗುವಿಗೇ ಮರೆತಿರುತ್ತಿತ್ತು. ದಸರಾ ರಜೆಗೆ ಮೊದಲು ತರಗತಿಗೆ ಹೇಳಿಯೇ ನಿಲ್ಲಿಸಿದೆ. ಹೇಳದೆ ರೈಟು ಹಾಕುವುದಕ್ಕಿಂತ ಅದು ವಾಸಿ ಎನಿಸಿತು. ಆಮೇಲೆ ಇಪ್ಪತ್ತೈದು ವರ್ಷ ಪಾಠ ಮಾಡಿದೆ. ಮತ್ತೆ ಶುರುಮಾಡಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ, ನನಗೇ ಆಗಲಿಲ್ಲ.

ವರ್ಗವಾಗಿ ಬಂದ ಮಾರನೇ ವರ್ಷ ಮಳೆಗಾಲದಲ್ಲಿ ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿಯ ತಂದೆ ಸಿಕ್ಕ. ಕನಕಗಿರಿಯಲ್ಲಿ ಯಾರೋ ಸಂಬಂಧಿಕರನ್ನು ನೋಡಿ ವಾಪಸು ಹೊರಟಿದ್ದ. ಮಗಳು ಯಲಬುರ್ಗಾದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ ಎಂದ. ಚಾಳೀಸಿನ ಒಂದು ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದಾಳೆ, ಈ ತಿಂಗಳು ಹೊಸದು ಮಾಡಿಸಬೇಕು ಎಂದ.

“ಅಲ್ಲಿ ಪಟ್ಟ್ಯಾಗ ಎಡಗಡಿ ಬಿಟ್ಟು ಬರೀತಾಳೇನು?” ಎಂದು ಕೇಳಿದೆ.

“ಇಲ್ರಿ. ಅಲ್ಲಿ ಮಾಸ್ತರ ಬೈತಾರಂತ. ಎರಡೂ ಕಡೆ ಬರೀತಾಳ್ರಿ” ಎಂದ. ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳುವಂತೆ, “ಬೋರ್ಡ್ ಮ್ಯಾಲಿಂದು ಎಲ್ಲಾ ಬರಕೊಂಡು ಬರತಾಳ ಬಿಡ್ರಿ” ಎಂದ.

ಅವನ ಬಸ್ಸು ಬಂತು. ಜನ ನುಗ್ಗುತ್ತಿದ್ದರು. ಅವನು ಕಿಟಕಿಯಿಂದ ಟವೆಲ್ಲು ಒಗೆದು ಜಾಗ ಹಿಡಿದು, ನನಗೊಂದು ನಮಸ್ಕಾರ ಮಾಡಿ ಹತ್ತಿದ. ನಾನು ಮಗಳನ್ನು ಶಾಲೆಯಿಂದ ಕರೆದು ತರುವ ಹೊತ್ತಾಗಿತ್ತು. ಮಳೆ ಹನಿಯತೊಡಗಿತ್ತು, ಛತ್ರಿ ತಂದಿರಲಿಲ್ಲ. ಸೆರಗು ತಲೆಯ ಮೇಲೆ ಹೊದ್ದು ನಡೆದೆ.